ಜೀಪಿನ ಟೈರಿಗೆ ಎಷ್ಟು ಗಾಳಿ? ಕುಲುಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ, ಫಾರ್ಚೂನರ್‌ನಂಥ ಗಾಡಿಗಳನ್ನು ವಾರದ ದಿನಗಳಲ್ಲಿ ಟಾರು ರಸ್ತೆಯಲ್ಲೂ, ಉಳಿದಂತೆ ತೋಟದ ರಸ್ತೆ, ಘಾಟಿ, ಜಲ್ಲಿ ದಾರಿಗಳಲ್ಲೂ ಓಡಿಸುವವರಿಗಾಗಿ ಇದನ್ನು ಬರೆದಿದೆ. ಇಲ್ಲಿರುವ ಗಾಳಿಯ ಅಂಕಿಗಳೆಲ್ಲ ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಲೆಕ್ಕದಲ್ಲಿವೆ. ನಿಮ್ಮ ಮೀಟರು ಬಾರ್ ತೋರಿಸಿದರೆ 14.5ರಿಂದ ಗುಣಿಸಿ. ಕಿಲೊಪ್ಯಾಸ್ಕಲ್ ತೋರಿಸಿದರೆ 6.9ರಿಂದ ಭಾಗಿಸಿ.

ಗುಂಡಿಯ ಹೊಡೆತ ತಡೆಯಲು ಸಸ್ಪೆನ್ಷನ್ ಇದೆಯಲ್ಲ, ಟೈರಿನ ಗಾಳಿಯಿಂದ ಅಂಥದ್ದೇನು ವ್ಯತ್ಯಾಸ?

ದೊಡ್ಡ ಗುಂಡಿ, ಹಂಪು, ಹಳ್ಳ ಇವೆಲ್ಲ ಸಸ್ಪೆನ್ಷನ್ನಿನ ಪಾಲು. ಮುಷ್ಟಿಗಾತ್ರದ ಕಲ್ಲು, ಟಾರು ಕಿತ್ತುಹೋದ ಅಂಚು, ತಗಡಿನ ಶೀಟಿನಂತೆ ಅಲೆಅಲೆಯಾದ ಮಣ್ಣುರಸ್ತೆ ಇವು ಟೈರಿನ ಪಾಲು. ಚಕ್ರ, ಡ್ರಮ್ಮು ಅಥವಾ ಡಿಸ್ಕು, ಆಕ್ಸಲ್ ಎಲ್ಲ ಸೇರಿ ಭಾರವಿರುತ್ತವೆ. ಚಿಕ್ಕ, ಚೂಪು ಹೊಡೆತಕ್ಕೆ ಅಷ್ಟು ಭಾರ ಮೇಲೆದ್ದು ಸ್ಪ್ರಿಂಗನ್ನು ಒತ್ತುವಷ್ಟು ಸಮಯವೇ ಸಿಗುವುದಿಲ್ಲ. ಕಲ್ಲನ್ನು ಟೈರು ತನ್ನೊಳಗೆ ನುಂಗಿಕೊಂಡರೆ ಸರಿ, ಇಲ್ಲದಿದ್ದರೆ ಆ ಪೆಟ್ಟು ನೇರವಾಗಿ ಚಾಸಿಗೆ, ಅಲ್ಲಿಂದ ನಿಮ್ಮ ಬೆನ್ನಿಗೆ.

ಟೈರು ಕೂಡ ಒಂದು ಸ್ಪ್ರಿಂಗೇ. ಅದರ ಗಡಸುತನ ಬಹುಪಾಲು ಒಳಗಿನ ಗಾಳಿಯಿಂದ, ಉಳಿದದ್ದು ಟೈರಿನ ಪಕ್ಕೆಯ ರಬ್ಬರು ಮತ್ತು ನೂಲಿನಿಂದ ಬರುತ್ತದೆ. 32 ಇದ್ದದ್ದನ್ನು 26ಕ್ಕೆ ಇಳಿಸಿದರೆ ಗಾಳಿ ಸುಮಾರು ಐದನೇ ಒಂದು ಪಾಲು ಕಡಿಮೆಯಾಯಿತು. ಟೈರು ಅದಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಮೆದುವಾಗುತ್ತದೆ. ಜಲ್ಲಿ ರಸ್ತೆಯಲ್ಲಿ ಮೊದಲ ನೂರು ಮೀಟರಿನಲ್ಲೇ ಗೊತ್ತಾಗುವಷ್ಟು ವ್ಯತ್ಯಾಸ ಅದು. ಸಾವಿರಾರು ರೂಪಾಯಿ ಸುರಿದು ಶಾಕ್ ಅಬ್ಸಾರ್ಬರ್ ಬದಲಿಸುವ ಮುನ್ನ ಪುಕ್ಕಟೆಯಾಗಿ ಮಾಡಿ ನೋಡಬಹುದಾದ ಕೆಲಸವೂ ಹೌದು.

ಸರಿ, ನನ್ನ ಗಾಡಿಗೆ ಎಷ್ಟು? ಒಂದೇ ಒಂದು ನಂಬರ್ ಹೇಳಿ.

ಗಾಡಿಯ ತೂಕ, ಓಡಿಸುವ ವೇಗ, ರಸ್ತೆ ಈ ಮೂರನ್ನೂ ಹೇಳದೆ ಕೇಳಿದರೆ ಯಾವ ನಂಬರೂ ಸುಳ್ಳೇ. ಐದು ಬಾಗಿಲಿನ ಜಿಮ್ನಿಯ ತೂಕ 1,200 ಕೆಜಿ ಆಸುಪಾಸು, ಫಾರ್ಚೂನರ್ ಎರಡು ಟನ್ನಿಗೂ ಹೆಚ್ಚು. ಒಂದಕ್ಕೆ 28 ಎಂದರೆ ತುಸು ಗಟ್ಟಿ, ಇನ್ನೊಂದಕ್ಕೆ ಅದೇ 28 ಹೆದ್ದಾರಿಯಲ್ಲಿ ಕಡಿಮೆ. ಸ್ನೇಹಿತರು ಹೇಳಿದ ನಂಬರನ್ನು ಹಾಗೇ ಹಾಕಿಸಿಕೊಳ್ಳಬೇಡಿ ಎನ್ನುವುದು ಇದಕ್ಕೇ.

ಗಾಡಿಯ ಮೇಲಿನ ಸ್ಟಿಕ್ಕರಿನಿಂದ ಶುರು ಮಾಡಿ. ಅಲ್ಲಿರುವ ಅಂಕಿ ಆ ಗಾಡಿಯ ತೂಕಕ್ಕೂ, ಕಂಪನಿ ಹಾಕಿಕೊಟ್ಟ ಟೈರಿಗೂ, ಹೆದ್ದಾರಿ ವೇಗಕ್ಕೂ ಲೆಕ್ಕ ಹಾಕಿದ್ದು. ಅಲ್ಲಿಂದ ಕೆಳಗೆ ಎಷ್ಟು ಇಳಿಯಬಹುದು, ಯಾವಾಗ ವಾಪಸ್ ಏರಬೇಕು ಎನ್ನುವುದಷ್ಟೇ ನಮ್ಮ ಕೆಲಸ.

ಸ್ಟಿಕ್ಕರ್ ಎಲ್ಲಿರುತ್ತದೆ? ಟೈರಿನ ಮೇಲೇ ಒಂದು ಅಂಕಿ ಇದೆಯಲ್ಲ, ಅದಲ್ಲವೇ?

ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಗಾಡಿಗಳಲ್ಲಿ ಡೀಸೆಲ್ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ. ಗಾಡಿಯ ಕೈಪಿಡಿಯಲ್ಲೂ ಇರುತ್ತದೆ. ಖಾಲಿ ಗಾಡಿಗೊಂದು, ಪೂರ್ತಿ ಲೋಡಿಗೊಂದು ಎಂದು ಎರಡು ಸಾಲು ಇದ್ದರೆ ಎರಡನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಆ ಟೈರಿನ ಗರಿಷ್ಠ ಮಿತಿ. ಅದು ಯಾವ ಗಾಡಿಗೆ ಹೋಗುತ್ತದೆಂದು ಟೈರು ತಯಾರಿಸಿದವರಿಗೆ ಗೊತ್ತಿರುವುದಿಲ್ಲ. ಆ ಅಂಕಿ ನೋಡಿ 44 ಅಥವಾ 50 ಹಾಕಿಸಿಕೊಂಡು, ಗಾಡಿ ಎತ್ತಿ ಎತ್ತಿ ಹಾಕುತ್ತದೆ ಎಂದು ದೂರುವವರು ಕಡಿಮೆಯಿಲ್ಲ.

‘ತಣ್ಣನೆ ಟೈರು’ ಎಂದರೆ ಏನು ಲೆಕ್ಕ?

ಸ್ಟಿಕ್ಕರಿನ ಅಂಕಿ ಓಡಿ ಬಿಸಿಯಾಗದ, ತಣ್ಣನೆ ಟೈರಿನದು. ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಎರಡು ಕಿಲೊಮೀಟರಿಗಿಂತ ಕಡಿಮೆ ಓಡಿರಬೇಕು. ಬಿಸಿಲು ಒಂದು ಪಕ್ಕಕ್ಕೆ ಬೀಳುತ್ತಿರಬಾರದು, ಬಿಸಿಲು ಬಿದ್ದ ಕಡೆಯ ಟೈರು ಒಂದೆರಡು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಹೊರಗಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ 30ರ ಆಸುಪಾಸಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಸರಿಮಾಡಿಸಿದ ಗಾಳಿ ಡಿಸೆಂಬರ್ ಬೆಳಗಿನ ಮಡಿಕೇರಿಯಲ್ಲಿ ಸೋರಿಕೆಯೇ ಇಲ್ಲದೆ ಮೂರು ನಾಲ್ಕು ಕಡಿಮೆ ತೋರಿಸಿದರೆ ಪಂಕ್ಚರ್ ಹುಡುಕುತ್ತಾ ಕೂರಬೇಡಿ.

ಬಂಕಿನ ಮೀಟರನ್ನು ನಂಬಬಹುದೇ?

ಗಾಳಿ ಹೊಡೆಯಲು ನಂಬಿ, ಅಳೆಯಲು ನಂಬಬೇಡಿ. ಅಲ್ಲಿನ ಗನ್ ದಿನಕ್ಕೆ ನೂರು ಸಲ ನೆಲಕ್ಕೆ ಬೀಳುತ್ತದೆ. ಮೂರು ನಾಲ್ಕು ಪಿಎಸ್‌ಐ ಹೆಚ್ಚುಕಡಿಮೆ ಸಾಮಾನ್ಯ, ಮತ್ತು ನಾವಿಲ್ಲಿ ಮಾತಾಡುತ್ತಿರುವುದೇ ಎರಡು ಮೂರು ಪಿಎಸ್‌ಐ ವ್ಯತ್ಯಾಸದ ಬಗ್ಗೆ. ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ. 0ಯಿಂದ 60ರವರೆಗೆ ತೋರಿಸುವುದು ಸಾಕು. 0–150ರ ಲಾರಿ ಗೇಜಿನಲ್ಲಿ 18 ಯಾವುದು, 20 ಯಾವುದು ಎಂದೇ ಗೊತ್ತಾಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಪ್ರತಿ ಸಲವೂ ಅದೇ ಗೇಜ್ ಬಳಸಿ. ಅದು ಒಂದು ಪಿಎಸ್‌ಐ ತಪ್ಪು ತೋರಿಸಿದರೂ ಪ್ರತಿ ಸಲ ಅದೇ ತಪ್ಪು ತೋರಿಸುತ್ತದೆ, ಕೆಲಸಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು: ಎಸ್‌ಯುವಿ ಕಂಡ ಕೂಡಲೇ ಕೇಳದೆಯೇ 35 ಹಾಕುವ ರೂಢಿ ಬಹಳ ಕಡೆ ಇದೆ. ಜಿಮ್ನಿಯಂಥ ಹಗುರ ಗಾಡಿಗೆ ಅದು ತೀರಾ ಅತಿ. ಗಾಡಿ ಕುದುರೆಯಂತೆ ಕುಣಿಯಲು ಬಹುತೇಕ ಇದೇ ಕಾರಣ.

ಯಾವ ರಸ್ತೆಗೆ ಎಷ್ಟು ಇಳಿಸಬೇಕು?

ಅಂಕಿಗಿಂತ ಶೇಕಡಾ ಲೆಕ್ಕ ಒಳ್ಳೆಯದು, ಅದು ಹಗುರ ಗಾಡಿಗೂ ಭಾರದ ಗಾಡಿಗೂ ಹೊಂದುತ್ತದೆ. ಬ್ರಾಕೆಟ್ಟಿನಲ್ಲಿರುವುದು ಸ್ಟಿಕ್ಕರಿನಲ್ಲಿ 32 ಇದ್ದರೆ ಬರುವ ಅಂಕಿ.

ಹೆದ್ದಾರಿ, ಒಳ್ಳೆಯ ಟಾರು: ಸ್ಟಿಕ್ಕರಿನಷ್ಟೇ (32).
ಕಿತ್ತುಹೋದ ಟಾರು, ತೇಪೆ ರಸ್ತೆ, ವೇಗ 60–70ರೊಳಗೆ: ಶೇ 5–10 ಕಡಿಮೆ (29–30).
ಜಲ್ಲಿ, ಗಟ್ಟಿ ಮಣ್ಣು, ತೋಟದ ರಸ್ತೆ, ವೇಗ 50ರೊಳಗೆ: ಶೇ 15–25 ಕಡಿಮೆ (24–27).
ಕಲ್ಲುಬಂಡೆಯ ಏರು, ನಡಿಗೆಯ ವೇಗದಿಂದ 20ರವರೆಗೆ: ಶೇ 35–40 ಕಡಿಮೆ (19–21).
ಕೆಸರು: ಶೇ 25–35 ಕಡಿಮೆ (21–24).
ಸಡಿಲ ಮರಳು: ಅರ್ಧದಷ್ಟು (16).

ಕೆಸರಿನ ಬಗ್ಗೆ ಒಮ್ಮತವಿಲ್ಲ. ಕೆಳಗೆ ಗಟ್ಟಿ ನೆಲ ಇದ್ದು ಮೇಲೆ ನಾಲ್ಕು ಬೆರಳು ಕೆಸರಿದ್ದರೆ ತೀರಾ ಇಳಿಸದೆ, ಟೈರಿನ ಬಟನ್ (ಮೈಮೇಲಿನ ರಬ್ಬರ್ ಉಬ್ಬುಗಳು) ಕೆಸರನ್ನು ಸೀಳಿಕೊಂಡು ನೆಲ ಮುಟ್ಟಲು ಬಿಡುವುದೇ ಮೇಲು. ತಳವೇ ಸಿಗದ ಗದ್ದೆ ಕೆಸರಾದರೆ ಇಳಿಸಿ ತೇಲಿಸಿಕೊಂಡು ಹೋಗಬೇಕು. ಮರಳಿನ ಅಂಕಿಯನ್ನು ಪಟ್ಟಿ ಪೂರ್ತಿಯಾಗಲಿ ಎಂದು ಕೊಟ್ಟಿದ್ದೇವೆ. ನಮ್ಮ ಕಡಲತೀರದಲ್ಲೂ ಹೊಳೆಪಾತ್ರದಲ್ಲೂ ಗಾಡಿ ಇಳಿಸಲು ಅದೊಂದು ನೆವವಾಗದಿರಲಿ.

20ಕ್ಕಿಂತ ಕೆಳಗಿದ್ದಾಗ 40 ಕಿಮೀ ವೇಗ ದಾಟಬಾರದು. 15ಕ್ಕಿಂತ ಕೆಳಗೆ 20 ಕಿಮೀ ಸಾಕು, ಸ್ಟೇರಿಂಗನ್ನು ಜೋರಾಗಿ ತಿರುಗಿಸಲೂ ಬಾರದು. ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿದು ಹಿಡಿಯುವ ಬಳೆ) ಇಲ್ಲದ ಸಾಮಾನ್ಯ ರಿಮ್ಮಿಗೆ 15ರ ಕೆಳಗೆ ಇಳಿಯುವುದನ್ನು ಸಿಕ್ಕಿಹಾಕಿಕೊಂಡಾಗಿನ ಉಪಾಯವಾಗಿ ಮಾತ್ರ ಇಟ್ಟುಕೊಳ್ಳಿ. ಆರಾಮಕ್ಕೆ ಅದು ಬೇಕಾಗಿಲ್ಲ.

ನಾನು ಇಟ್ಟ ಗಾಳಿ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಟೈರನ್ನೇ ಕೇಳಬೇಕು. ಗಾಳಿ ಕಡಿಮೆಯಾದಷ್ಟೂ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಎಷ್ಟು ಏರಿತು ಎಂದು ನೋಡಿದರೆ ಟೈರು ಎಷ್ಟು ಬಾಗುತ್ತಿದೆ ಎಂದು ತಿಳಿಯುತ್ತದೆ. ಆಸ್ಟ್ರೇಲಿಯಾದ ಫೋರ್‌ವೀಲ್ ಓಡಿಸುವವರಲ್ಲಿ ಇದು ‘4 ಪಿಎಸ್‌ಐ ನಿಯಮ’ ಎಂದೇ ರೂಢಿಯಲ್ಲಿದೆ. ಮಾಡುವ ಕ್ರಮ ಹೀಗೆ.

ಬೆಳಿಗ್ಗೆ ತಣ್ಣಗಿದ್ದಾಗ ನಾಲ್ಕೂ ಟೈರು ಅಳೆದು ಬರೆದಿಟ್ಟುಕೊಳ್ಳಿ. ದಿನವೂ ಓಡಿಸುವ ವೇಗದಲ್ಲಿ, ದಿನವೂ ಹಾಕುವ ಲೋಡಿನಲ್ಲಿ 45 ನಿಮಿಷದಿಂದ ಒಂದು ಗಂಟೆ ಓಡಿಸಿ. ನಿಲ್ಲಿಸಿದ ತಕ್ಷಣ ಅದೇ ಗೇಜಿನಲ್ಲಿ ಅಳೆಯಿರಿ. ಚಹಾ ಕುಡಿದು ಬಂದು ಅಳೆದರೆ ಲೆಕ್ಕ ತಪ್ಪುತ್ತದೆ. ಒತ್ತಡ 4 ಏರಿದ್ದರೆ ಆ ರಸ್ತೆ, ಆ ವೇಗ, ಆ ತೂಕಕ್ಕೆ ಬೆಳಗಿನ ಅಂಕಿ ಸರಿಯಾಗಿಯೇ ಇದೆ. ಉದಾಹರಣೆಗೆ 28ರಿಂದ 34ಕ್ಕೆ ಹೋಗಿದ್ದರೆ, ಅಂದರೆ 6 ಏರಿದ್ದರೆ, ಟೈರು ಅತಿಯಾಗಿ ಬಾಗಿ ಬಿಸಿಯಾಗಿದೆ. ಮರುದಿನ 30ರಿಂದ ಶುರು ಮಾಡಿ. 32 ಹಾಕಿದ್ದು 34 ಮಾತ್ರ ಆಗಿದ್ದರೆ ಟೈರು ಬಾಗುತ್ತಲೇ ಇಲ್ಲ, ಕುಲುಕಾಟವೆಲ್ಲ ನಿಮಗೇ ಬರುತ್ತಿದೆ. ಎರಡು ಇಳಿಸಿ ಮತ್ತೆ ನೋಡಿ.

ದಪ್ಪ ಪಕ್ಕೆಯ ಎಲ್‌ಟಿ (ಸಣ್ಣ ಲಾರಿ, ಪಿಕಪ್ ವರ್ಗದ) ಟೈರುಗಳಿಗೆ 4ರ ಬದಲು 6ರ ಲೆಕ್ಕ ಹಿಡಿಯುವವರಿದ್ದಾರೆ. ಬೆಳಿಗ್ಗೆ 18 ಡಿಗ್ರಿಯಲ್ಲಿ ಅಳೆದು ಮಧ್ಯಾಹ್ನ 34 ಡಿಗ್ರಿಯಲ್ಲಿ ನೋಡಿದರೆ ಏರಿದ್ದರಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಬಿಸಿಲಿನದು, ಅದನ್ನು ಕಳೆಯಬೇಕು. ನಾಲ್ಕರಲ್ಲಿ ಒಂದೇ ಟೈರು ಬೇರೆಯವಕ್ಕಿಂತ ಹೆಚ್ಚು ಏರಿದ್ದರೆ ಗಾಳಿಯ ತಪ್ಪಲ್ಲ: ಆ ಚಕ್ರದ ಬ್ರೇಕ್ ಹಿಡಿದುಕೊಂಡಿರಬಹುದು, ಬೇರಿಂಗ್ ಹೋಗಿರಬಹುದು. ಕೈಯನ್ನು ರಿಮ್ಮಿನ ಹತ್ತಿರ ಹಿಡಿದರೇ ಗೊತ್ತಾಗುತ್ತದೆ, ಮುಟ್ಟಬೇಡಿ.

ಬಿಸಿ ಟೈರಿನಲ್ಲಿ 36 ಕಂಡು ಗಾಬರಿಯಾಗಿ 32ಕ್ಕೆ ಇಳಿಸುವುದು ದೊಡ್ಡ ತಪ್ಪು. ತಣ್ಣಗಾದ ಮೇಲೆ ಅದು 28 ಆಗುತ್ತದೆ. ಮಾರನೆಯ ದಿನ ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ ಮತ್ತೆ 34 ತೋರಿಸುತ್ತದೆ. ಮತ್ತೆ ಇಳಿಸುತ್ತೀರಿ. ಹೀಗೆ ಇಳಿಸುತ್ತಾ ಹೋದರೆ ಒಂದು ದಿನ ಪಕ್ಕೆಯೇ ಒಡೆಯುತ್ತದೆ.

ಸೀಮೆಸುಣ್ಣದ ಪರೀಕ್ಷೆ ಎನ್ನುತ್ತಾರಲ್ಲ?

ಟೈರಿನ ಅಗಲಕ್ಕೆ ಅಡ್ಡವಾಗಿ ದಪ್ಪ ಸೀಮೆಸುಣ್ಣದ ಗೆರೆ ಎಳೆದು, ಒಣ ಟಾರಿನ ಮೇಲೆ ನೇರವಾಗಿ ಮೂವತ್ತು ನಲವತ್ತು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಎರಡು ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. ಸಮನಾಗಿ ಅಳಿಸಿದ್ದರೆ ಆ ತೂಕಕ್ಕೆ ಸರಿ. ರೇಡಿಯಲ್ ಟೈರಿನ ಒಳಗಿನ ಉಕ್ಕಿನ ಪಟ್ಟಿ ಗಟ್ಟಿಯಿರುವುದರಿಂದ ಸಣ್ಣ ವ್ಯತ್ಯಾಸ ಇದರಲ್ಲಿ ಕಾಣುವುದಿಲ್ಲ. ಮೂಲ ಟೈರು ತೆಗೆದು ದೊಡ್ಡ ಅಳತೆಯದು ಹಾಕಿಸಿದಾಗ, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಾಗ ಇದು ಉಪಯೋಗಕ್ಕೆ ಬರುತ್ತದೆ.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಒಂದೇ ಹಾಕಬೇಕೇ?

ಒಂದೇ ಇರಬೇಕೆಂದೇನಿಲ್ಲ. ಎಂಜಿನ್ನು, ಗೇರ್‌ಬಾಕ್ಸು ಮುಂದಿರುವುದರಿಂದ ಖಾಲಿ ಗಾಡಿಯಲ್ಲಿ ಹಿಂಭಾಗ ಹಗುರ. ಬೊಲೆರೊದಂಥ ಗಾಡಿಗೆ ಹಿಂದೆ ಲೀಫ್ ಸ್ಪ್ರಿಂಗ್, ಅದೂ ಮೂಟೆ ಹೊರಲು ಮಾಡಿದ್ದು. ಹೆಚ್ಚು ಜನವಾಗಲಿ ಲೋಡಾಗಲಿ ಇಲ್ಲದೆ ಓಡಿಸುವಾಗ ಹಿಂದೆ ಮೂರು ಪಿಎಸ್‌ಐ ಇಳಿಸಿದರೆ ಹಿಂದಿನ ಸೀಟಿನವರು ಸೂರಿಗೆ ತಲೆ ಹೊಡೆಸಿಕೊಳ್ಳುವುದು ತಪ್ಪುತ್ತದೆ. ಎಂಟು ಜನ ಹತ್ತುವ ದಿನ ಅಥವಾ ಕಾಫಿ ಚೀಲ ಹೇರುವ ದಿನ ಆ ಮೂರನ್ನು ವಾಪಸ್ ಹಾಕಿ, ಸ್ಟಿಕ್ಕರಿನ ಲೋಡಿನ ಸಾಲಿಗೆ ಏರಿಸಬೇಕು. ಮರೆತರೆ ಹಿಂದಿನ ಟೈರು ತಿರುವಿನಲ್ಲಿ ಮಡಚಿಕೊಂಡು ಗಾಡಿ ಬಾಲ ಆಡಿಸುತ್ತದೆ.

ಎಡ ಬಲ ಮಾತ್ರ ಯಾವತ್ತೂ ಸಮ ಇರಲಿ. ಒಂದು ಪಿಎಸ್‌ಐ ವ್ಯತ್ಯಾಸ ಪರವಾಗಿಲ್ಲ. ಮೂರು ಆದರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಬ್ರೇಕ್ ಹೊಡೆದಾಗ ಇನ್ನೂ ಜೋರಾಗಿ.

ಹೊಸ ಆಲ್‌ಟೆರೇನ್ (ಟಾರಿಗೂ ಮಣ್ಣಿಗೂ ಆಗುವ) ಟೈರು ಹಾಕಿಸಿದೆ. ಹಳೆಯ ಗಾಳಿಯನ್ನೇ ಇಟ್ಟರೂ ಗಾಡಿ ಗಟ್ಟಿಯಾಗಿದೆ. ಯಾಕೆ?

ಹೊಸ ಟೈರಿನ ಅಳತೆಯ ಮುಂದೆ ‘ಎಲ್‌ಟಿ’ ಎಂದಿದೆಯೇ ನೋಡಿ. ಎಲ್‌ಟಿ ಎಂದರೆ ಸಣ್ಣ ಲಾರಿ, ಪಿಕಪ್‌ಗಳಿಗೆಂದು ಮಾಡಿದ ವರ್ಗ. ಪಕ್ಕೆಯಲ್ಲಿ ಹೆಚ್ಚು ಪದರ, ದಪ್ಪ ರಬ್ಬರು, ಟೈರಿನ ತೂಕವೂ ಹೆಚ್ಚು. ಕಲ್ಲಿಗೆ ಸೀಳುವುದಿಲ್ಲ ಎನ್ನುವುದು ಅದರ ಲಾಭ, ಸುಲಭಕ್ಕೆ ಬಾಗುವುದಿಲ್ಲ ಎನ್ನುವುದು ಅದರ ಬೆಲೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗಟ್ಟಿಯಾಗಿದೆಯಲ್ಲ, ಗಾಳಿ ಇಳಿಸಿದರಾಯಿತು ಎಂದು ಅನಿಸುತ್ತದೆ. ಆದರೆ ಎಲ್‌ಟಿ ಟೈರು ಅದೇ ತೂಕ ಹೊರಲು ಸಾಮಾನ್ಯ ಎಸ್‌ಯುವಿ ಟೈರಿಗಿಂತ ಹೆಚ್ಚಿನ ಗಾಳಿ ಕೇಳುತ್ತದೆ. ಅದರ ಲೋಡ್ ಇಂಡೆಕ್ಸ್ 120, ಅಂದರೆ 1,400 ಕೆಜಿ ಎಂದು ಬರೆದಿದ್ದರೂ ಅಷ್ಟು ಹೊರುವುದು ಪೂರ್ತಿ ಗಾಳಿಯಲ್ಲಿ, 80ರ ಆಸುಪಾಸಿನಲ್ಲಿ ಮಾತ್ರ. 32ರಲ್ಲಿ ಅದರ ಶಕ್ತಿ ಬಹಳ ಕಡಿಮೆ. ಟೈರು ಕಂಪನಿಯ ತೂಕ–ಗಾಳಿ ಪಟ್ಟಿ ತೆಗೆದುಕೊಳ್ಳಿ. ಗಾಡಿಯನ್ನು ವೇಬ್ರಿಡ್ಜಿನ ಮೇಲೆ ಮೊದಲು ಮುಂದಿನ ಆಕ್ಸಲ್, ಆಮೇಲೆ ಹಿಂದಿನ ಆಕ್ಸಲ್ ಎಂದು ಬೇರೆ ಬೇರೆಯಾಗಿ ತೂಗಿಸಿ, ಎರಡರಿಂದ ಭಾಗಿಸಿ, ಸ್ವಲ್ಪ ಮೀಸಲು ಸೇರಿಸಿ ಪಟ್ಟಿಯಲ್ಲಿ ಆ ತೂಕದ ಗಾಳಿ ನೋಡಿ. ಹೆದ್ದಾರಿಗೆ ಅದು ಕನಿಷ್ಠ ಮಿತಿ.

ಥಾರ್, ಜಿಮ್ನಿಯಂಥ ಗಾಡಿಗೆ ದಿನದ ಓಡಾಟವೇ ಹೆಚ್ಚು, ತಿಂಗಳಿಗೊಮ್ಮೆ ಘಾಟಿ ಎನ್ನುವವರು ಎಲ್‌ಟಿ ಅಲ್ಲದ ಆಲ್‌ಟೆರೇನ್ ಟೈರನ್ನೇ ಆರಿಸಲಿ ಎನ್ನುವುದು ನಮ್ಮ ಅಭಿಪ್ರಾಯ. ಆರಾಮ ಬೇಕೆನ್ನುವವರು ಕೆಸರಿಗೆಂದೇ ಮಾಡಿದ ಮಡ್‌ಟೆರೇನ್ ಟೈರಿನ ಕಡೆ ತಿರುಗಿಯೂ ನೋಡಬೇಡಿ. ಅದರ ದೊಡ್ಡ ಬಟನ್‌ಗಳು ಟಾರಿನ ಮೇಲೆ ಕೊಡುವ ಗುಂಯ್‌ಗುಡುವಿಕೆಗೆ ಗಾಳಿಯಲ್ಲಿ ಮದ್ದಿಲ್ಲ.

16 ಇಂಚು, 18 ಇಂಚು ರಿಮ್ಮಿನಿಂದ ಆರಾಮದಲ್ಲಿ ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. 245/75 ಆರ್16 ಟೈರಿನ ಪಕ್ಕೆಯ ಎತ್ತರ 184 ಮಿಮೀ, 255/65 ಆರ್18ರದ್ದು 166 ಮಿಮೀ. ಎರಡೂ ಥಾರ್‌ನಲ್ಲಿ ಬಂದಿರುವ ಅಳತೆಗಳೇ. ಆ 18 ಮಿಮೀ ಬಾಗಲು ಸಿಗುವ ಜಾಗ. ಚಿಕ್ಕ ರಿಮ್ಮಿನಲ್ಲಿ ಹೆಚ್ಚು ಇಳಿಸಬಹುದು, ಕಲ್ಲು ಬಡಿದರೂ ರಿಮ್ಮಿಗೆ ಪೆಟ್ಟು ತಲುಪುವುದು ತಡ. ಜಿಮ್ನಿಯ 195/80 ಆರ್15ರ ಪಕ್ಕೆ 156 ಮಿಮೀ ಮಾತ್ರ, ಆದರೆ ಗಾಡಿಯೇ ಹಗುರವಾದ್ದರಿಂದ ಅಷ್ಟು ಸಾಕಾಗುತ್ತದೆ.

ಇಳಿಸಿದ ಗಾಳಿಯಲ್ಲೇ ಹೆದ್ದಾರಿಯಲ್ಲಿ ಮನೆಗೆ ಬಂದರೆ ಏನಾಗುತ್ತದೆ?

ಒಂದೆರಡು ಸಲ ಏನೂ ಆಗದೆ ಬರಬಹುದು, ಅದೇ ಅಪಾಯ. 22ರಲ್ಲಿ 90 ಕಿಮೀ ವೇಗ ಹೋಗುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತಿರುತ್ತದೆ. ಆ ಬಿಸಿಗೆ ಪಕ್ಕೆಯ ನೂಲು ಮತ್ತು ರಬ್ಬರಿನ ಬಂಧ ಒಳಗಿನಿಂದ ಸಡಿಲವಾಗುತ್ತದೆ. ಹೊರಗಿನಿಂದ ಏನೂ ಕಾಣದು. ಟೈರು ಒಡೆಯುವುದು ಅದೇ ದಿನವಾಗಿರಬೇಕಿಲ್ಲ, ತಿಂಗಳ ನಂತರ ಸರಿಯಾದ ಗಾಳಿಯಲ್ಲಿ, ತುಂಬು ಲೋಡಿನಲ್ಲಿ, ಬಿಸಿಲಿನಲ್ಲಿ ಒಡೆದೀತು. ಆಗ ಟೈರು ಸರಿಯಿಲ್ಲ ಎನ್ನುತ್ತಾರೆ. ಟೈರು ಬಿಚ್ಚಿದಾಗ ಒಳಗೆ ಕರಿಯ ರಬ್ಬರ್ ಪುಡಿ ಉದುರಿದರೆ, ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಉಜ್ಜಿದ ಗೆರೆ ಕಂಡರೆ ಅದು ಕಡಿಮೆ ಗಾಳಿಯಲ್ಲಿ ಓಡಿದ ಗುರುತು. ಅಂಥ ಟೈರನ್ನು ಪಂಕ್ಚರ್ ಹಾಕಿಸಿ ಮುಂದುವರಿಸಬೇಡಿ.

ಗಾಳಿ ತುಂಬಲು ಸಾಧನ ಇಲ್ಲದಿದ್ದರೆ, ಹತ್ತಿರದ ಪಂಕ್ಚರ್ ಅಂಗಡಿಯವರೆಗೆ 40ರ ವೇಗದಲ್ಲಿ ಸಾಗಿ.

ಮಳೆಗಾಲದಲ್ಲಿ ಹಿಡಿತಕ್ಕೆ ಗಾಳಿ ಇಳಿಸಬೇಕು ಎನ್ನುತ್ತಾರೆ. ನಿಜವೇ?

ತೋಟದ ಜಾರು ದಾರಿಯಲ್ಲಿ ನಿಜ. ಟಾರಿನಲ್ಲಿ ನೀರು ನಿಂತಿರುವ ಕಡೆ ಪೂರ್ತಿ ಉಲ್ಟಾ. ಟೈರು ನೀರಿನ ಮೇಲೆ ತೇಲಲು ಶುರುವಾಗುವ ವೇಗ ಗಾಳಿಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನಾಸಾದ ವಾಲ್ಟರ್ ಹಾರ್ನ್ ವಿಮಾನದ ಟೈರುಗಳ ಮೇಲೆ ಕಂಡುಕೊಂಡ ಸೂತ್ರ ಇದು. ಗಾಳಿಯ ವರ್ಗಮೂಲವನ್ನು 16.7ರಿಂದ ಗುಣಿಸಿದರೆ ಗಂಟೆಗೆ ಕಿಮೀ ಲೆಕ್ಕದ ವೇಗ ಬರುತ್ತದೆ. 32ಕ್ಕೆ 94 ಕಿಮೀ, 24ಕ್ಕೆ 82 ಕಿಮೀ. ಬಟನ್ ಚೆನ್ನಾಗಿದ್ದರೆ ಇದಕ್ಕಿಂತ ಹೆಚ್ಚು ತಡೆಯುತ್ತದೆ, ಸವೆದಿದ್ದರೆ ಇದನ್ನೇ ನಂಬಿ. ಶಿರಾಡಿ ಘಾಟಿ ಇಳಿದು ಬಯಲಿನ ಹೆದ್ದಾರಿಗೆ ಬಂದಾಗ ಜುಲೈ ಮಳೆಯಲ್ಲಿ ಆ 12 ಕಿಮೀ ವ್ಯತ್ಯಾಸ ಸಣ್ಣದಲ್ಲ.

ನನ್ನದು ಹಳೆಯ ಜೀಪು, ಟ್ಯೂಬ್ ಟೈರು. ಇದೇ ಲೆಕ್ಕವೇ?

ಅಲ್ಲ. ಟ್ಯೂಬ್ ಟೈರಿನಲ್ಲಿ ಗಾಳಿ ತುಂಬಾ ಇಳಿಸಿ ಏರು ಹತ್ತಿಸಿದರೆ ರಿಮ್ಮು ತಿರುಗುತ್ತದೆ, ಟೈರು ಹಿಂದುಳಿಯುತ್ತದೆ. ಟೈರಿನ ಜೊತೆ ಟ್ಯೂಬೂ ಜಾರಿ, ವಾಲ್ವು ಬುಡದಲ್ಲೇ ಹರಿದು ಬರುತ್ತದೆ. ಅದಕ್ಕೆ ತೇಪೆ ಹಾಕಲಾಗದು, ಟ್ಯೂಬೇ ಹೊಸದು ಬೇಕು. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಂಡು ಹಾವು ಕಚ್ಚಿದಂತೆ ಎರಡು ತೂತು ಬೀಳುವುದೂ ಇದೇ ಕಾರಣಕ್ಕೆ. ಟ್ಯೂಬಿದ್ದರೆ ಶೇ 20ಕ್ಕಿಂತ ಹೆಚ್ಚು ಇಳಿಸಬೇಡಿ. ವಾಲ್ವು ರಿಮ್ಮಿನ ತೂತಿನಲ್ಲಿ ನೆಟ್ಟಗಿದೆಯೇ ಎಂದು ಆಗಾಗ ನೋಡಿ. ವಾಲಿದ್ದರೆ ಟೈರು ಆಗಲೇ ಜಾರಿದೆ ಎಂದು ಅರ್ಥ.

ದಾರಿಯಲ್ಲಿ ಗಾಳಿ ಇಳಿಸುವುದು, ತುಂಬುವುದು ಹೇಗೆ? ಏನೇನು ಬೇಕು?

ಗೇಜ್, ವಾಲ್ವ್ ಪಿನ್ ಬಿಚ್ಚುವ ಸಣ್ಣ ಕೀಲಿ, ನಾಲ್ಕು ಹೆಚ್ಚುವರಿ ವಾಲ್ವ್ ಪಿನ್ನು, 12 ವೋಲ್ಟಿನ ಕಂಪ್ರೆಸರ್. ಇಷ್ಟೇ.

ಇಳಿಸಲು ಕಡ್ಡಿಯಿಂದ ಪಿನ್ ಒತ್ತಿ ಹಿಡಿದರೂ ಸಾಕು, ನಿಧಾನ ಅಷ್ಟೇ. ಮೊದಲ ಟೈರಿನಲ್ಲಿ 10 ಪಿಎಸ್‌ಐ ಇಳಿಯಲು ಎಷ್ಟು ಸೆಕೆಂಡ್ ಎಂದು ಎಣಿಸಿಟ್ಟುಕೊಂಡರೆ ಉಳಿದ ಮೂರಕ್ಕೆ ಅದೇ ಎಣಿಕೆ, ಕೊನೆಗೆ ಗೇಜಿನಲ್ಲಿ ಒಮ್ಮೆ ನೋಡಿದರಾಯಿತು. ಪಿನ್ನನ್ನೇ ಬಿಚ್ಚಿದರೆ ಬೇಗ ಆಗುತ್ತದೆ, ಆದರೆ ಒಳಗಿನ ಒತ್ತಡಕ್ಕೆ ಪಿನ್ ಗುಂಡಿನಂತೆ ಹಾರಿ ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಹೆಚ್ಚುವರಿ ಪಿನ್ನು ಬೇಕೆಂದಿದ್ದು ಇದಕ್ಕೇ. ಆ ಹೊತ್ತಿಗೆ ಟೈರು ಬಿಸಿಯಿರುತ್ತದೆ, ಬೇಕಾದ ಅಂಕಿಗಿಂತ ಎರಡು ಹೆಚ್ಚು ಉಳಿದಿರುವಾಗಲೇ ನಿಲ್ಲಿಸಿ. ತಣ್ಣಗಾದ ಮೇಲೆ ಸರಿಹೋಗುತ್ತದೆ.

ಕಂಪ್ರೆಸರ್ ಕೊಳ್ಳುವಾಗ ಡಬ್ಬದ ಮೇಲಿನ ‘150 ಪಿಎಸ್‌ಐ’ ನೋಡಿ ಮರುಳಾಗಬೇಡಿ, ನಿಮಗೆ ಬೇಕಾಗಿರುವುದು 35. ನಿಮಿಷಕ್ಕೆ ಎಷ್ಟು ಲೀಟರ್ ಎನ್ನುವುದೇ ಮುಖ್ಯ. 245/75 ಆರ್16 ಟೈರಿನೊಳಗೆ ಸುಮಾರು 65 ಲೀಟರ್ ಜಾಗ. 18ರಿಂದ 32ಕ್ಕೆ ಏರಿಸಲು ಹೊರಗಿನಿಂದ ಇನ್ನೂ ಅಷ್ಟೇ ಲೀಟರ್ ಗಾಳಿ ಒಳಗೆ ಹೋಗಬೇಕು. ನಿಜವಾಗಿ ನಿಮಿಷಕ್ಕೆ 20 ಲೀಟರ್ ಕೊಡುವ ಸಾಧನವಾದರೆ ಒಂದು ಟೈರಿಗೆ ಮೂರೂಕಾಲು ನಿಮಿಷ. ಡಬ್ಬದ ಮೇಲಿನ ಲೀಟರು ಎದುರಿಗೆ ಒತ್ತಡವೇ ಇಲ್ಲದಾಗಿನದು, ಟೈರಿಗೆ ಹಾಕುವಾಗ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಲೈಟರ್ ಸಾಕೆಟ್ಟಿನಿಂದ ಸಣ್ಣ ಕಂಪ್ರೆಸರ್ ಮಾತ್ರ ನಡೆಯುತ್ತದೆ. ದೊಡ್ಡದು 30 ಆಂಪಿಯರ್‌ವರೆಗೆ ಎಳೆಯುವುದರಿಂದ ಫ್ಯೂಸ್ ಹೋಗುತ್ತದೆ, ನೇರವಾಗಿ ಬ್ಯಾಟರಿಗೆ ಕ್ಲಿಪ್ ಹಾಕಬೇಕು. ಎಂಜಿನ್ ಓಡುತ್ತಿರಲಿ. ಎರಡು ಟೈರು ಆದ ಮೇಲೆ ಕಂಪ್ರೆಸರಿಗೆ ಹತ್ತು ನಿಮಿಷ ಬಿಡುವು ಕೊಡಿ, ಸುಟ್ಟುಹೋಗುವುದು ಸಾಮಾನ್ಯವಾಗಿ ಮೂರನೆಯ ಟೈರಿನಲ್ಲಿ.

ಬೀಡ್ ಬಿಟ್ಟುಕೊಂಡರೆ?

ಟೈರಿನ ಅಂಚು ರಿಮ್ಮಿನಿಂದ ಕಳಚಿದರೆ ಗಾಬರಿ ಬೇಡ. ಚಕ್ರ ನೆಲ ಬಿಡುವಂತೆ ಜಾಕ್ ಕೊಡಿ. ಅಂಚಿನಲ್ಲಿ ಸೇರಿಕೊಂಡ ಮಣ್ಣು, ಕಲ್ಲು ಒರೆಸಿ, ಸೋಪುನೀರು ಹಚ್ಚಿ. ಟೈರಿನ ನಡುವಿಗೆ ಸುತ್ತಲೂ ರಾಚೆಟ್ ಪಟ್ಟಿ ಬಿಗಿದರೆ ಅಂಚುಗಳು ಹೊರಕ್ಕೆ ತಳ್ಳಿಕೊಳ್ಳುತ್ತವೆ. ವಾಲ್ವ್ ಪಿನ್ ತೆಗೆದು ಕಂಪ್ರೆಸರಿನಿಂದ ಜೋರಾಗಿ ಗಾಳಿ ನುಗ್ಗಿಸಿ. ಟಪ್ ಟಪ್ ಎಂದು ಎರಡು ಸದ್ದು ಕೇಳಿದರೆ ಕೂತಿತು. ಅಂಚು ಹಿಡಿಯುತ್ತಿದ್ದಂತೆ ಪಟ್ಟಿ ಸಡಿಲಿಸಿ, ಆಮೇಲೆ ಪಿನ್ ಹಾಕಿ ಪೂರ್ತಿ ತುಂಬಿ. ಬೆರಳು ರಿಮ್ಮಿನ ಅಂಚಿನಲ್ಲಿರಬಾರದು. ಸ್ಪ್ರೇ ಹೊಡೆದು ಬೆಂಕಿ ಕೊಟ್ಟು ಕೂರಿಸುವ ವಿಡಿಯೊಗಳನ್ನು ನೋಡಿ ಮರೆತುಬಿಡಿ.

ಬೆಟ್ಟ ಹತ್ತಿದಾಗ ಗಾಳಿ ಹೆಚ್ಚಾಗುತ್ತದೆಯೇ?

ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂದು. ಮಂಗಳೂರಿನ ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ 1,900 ಮೀಟರಿಗೆ ಹೋದರೆ ಹೊರಗಿನ ಒತ್ತಡ ಸುಮಾರು 3 ಪಿಎಸ್‌ಐ ಇಳಿಯುತ್ತದೆ, ಗೇಜು ಅಷ್ಟು ಏರಬೇಕು. ಆದರೆ ಮೇಲೆ ಹನ್ನೆರಡು ಡಿಗ್ರಿಯಷ್ಟು ತಂಪು, ಅದರಿಂದ ಸುಮಾರು 2 ಇಳಿಯುತ್ತದೆ. ಉಳಿದದ್ದು ಒಂದು. ಕರ್ನಾಟಕದೊಳಗೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಬೆಂಗಳೂರಿನಿಂದ ಲೇಹ್‌ಗೆ ಹೋಗುವವರು ಅಲ್ಲಿ ತಣ್ಣನೆಯ ಬೆಳಿಗ್ಗೆ ಹೊಸದಾಗಿ ಅಳೆದು ಸರಿಮಾಡಿಕೊಂಡರೆ ಸಾಕು.

ನೈಟ್ರೋಜನ್ ಹಾಕಿಸಿದರೆ ಮೆದುವಾಗುತ್ತದೆಯೇ?

ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ತೇವ ಕಡಿಮೆ, ಸೋರುವುದು ತುಸು ನಿಧಾನ. ಕುಲುಕಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇಳಿಸಿ ತುಂಬುವ ಅಭ್ಯಾಸ ಇರುವವರಿಗೆ ದುಡ್ಡು ದಂಡ.

ಗಾಳಿ ಇಳಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬರುತ್ತದೆ.

ಟೈರ್ ಪ್ರೆಶರ್ ನೋಡಿಕೊಳ್ಳುವ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ. ಗಾಡಿಗೇನೂ ಆಗಿಲ್ಲ. ಆದರೆ ಆ ದೀಪ ಉರಿಯುತ್ತಿರುವಾಗ ನಿಜವಾದ ಪಂಕ್ಚರ್ ಆದರೂ ಬೇರೆ ದೀಪ ಬರುವುದಿಲ್ಲ, ಆಗಾಗ ಇಳಿದು ಕಣ್ಣಲ್ಲೇ ನೋಡಿ.

ಗಾಳಿಯೆಲ್ಲ ಸರಿಮಾಡಿದೆ, ಆದರೂ ಗಾಡಿ ಎತ್ತಿ ಹಾಕುತ್ತದೆ.

ಹೇಗೆ ಎತ್ತಿ ಹಾಕುತ್ತದೆ ಎನ್ನುವುದನ್ನು ಗಮನಿಸಿ. ಹಂಪು ದಾಟಿದ ಮೇಲೆ ಎರಡು ಮೂರು ಸಲ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಟೈರು ಸ್ಪ್ರಿಂಗ್ ಹೌದು, ತೂಗಾಟ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಇಂಥ ಗಾಡಿಯಲ್ಲಿ ಗಾಳಿ ಇಳಿಸಿದರೆ ತೂಗಾಟ ಇನ್ನೂ ಹೆಚ್ಚುತ್ತದೆ. ಗುಂಡಿಗೆ ಬಿದ್ದಾಗ ‘ಠಣ್’ ಎಂದು ಲೋಹದ ಸದ್ದು ಬಂದರೆ ಬಂಪ್‌ಸ್ಟಾಪ್ ರಬ್ಬರು ಹೋಗಿದೆ, ಅಥವಾ ಲೀಫ್ ಸ್ಪ್ರಿಂಗಿನ ಬುಶ್ ಸವೆದಿದೆ. 80ರ ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ಚಕ್ರದ ಬ್ಯಾಲೆನ್ಸ್ ನೋಡಿ, ಅದಕ್ಕೂ ಮೊದಲು ರಿಮ್ಮಿನ ಒಳಗೆ ಅಂಟಿರುವ ಒಣಕೆಸರು ತೊಳೆಸಿ. ಮಲೆನಾಡಿನಿಂದ ವಾಪಸಾದ ಗಾಡಿಗಳ ಅರ್ಧಕ್ಕರ್ಧ ‘ವೊಬ್ಲಿಂಗ್’ ತೊಳೆಯುವುದರಲ್ಲೇ ಹೋಗುತ್ತದೆ.

ಸ್ಟೆಪ್ನಿಗೆ ಎಷ್ಟು?

ಲೋಡಿನ ಸಾಲಿನ ಅಂಕಿಗಿಂತ ಎರಡು ಮೂರು ಹೆಚ್ಚು. ಇಳಿಸುವುದು ಎಲ್ಲಿ ಬೇಕಾದರೂ ಆಗುತ್ತದೆ, ತುಂಬುವುದು ಆಗಲಿಕ್ಕಿಲ್ಲ. ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ ಬಿಸಿಲಿನಲ್ಲಿ ಒಣಗುತ್ತಿರುತ್ತದೆ. ತಿಂಗಳಿಗೊಮ್ಮೆ ಉಳಿದ ನಾಲ್ಕನ್ನು ಅಳೆಯುವಾಗ ಅದನ್ನೂ ಅಳೆಯಿರಿ, ವಾಲ್ವಿಗೆ ಮುಚ್ಚಳ ಇದೆಯೇ ನೋಡಿ.